ನಾಲ್ಕನೇ ಮಹಡಿ ಇಂಟು ಹದಿನೆಂಟು

ಮುನ್‌ಪೊ ನಗರಸಭೆಯ ಎರಡನೇ ಕಚೇರಿ ಕಟ್ಟಡಕ್ಕೆ ನಾಲ್ಕನೇ ಮಹಡಿ ಇಲ್ಲ. ಕಳೆದ ವರ್ಷ ಇಡೀ ಪ್ರಾಂತ್ಯದ ಸರ್ಕಾರಿ ಕಟ್ಟಡಗಳಲ್ಲಿ ಅತಿ ಕಡಿಮೆ ವಿದ್ಯುತ್ ಬಳಸಿದ ಮಹಡಿ ಎಂಬ ಪ್ರಶಸ್ತಿ ಬಂದದ್ದು ಆ ನಾಲ್ಕನೇ ಮಹಡಿಗೆ. ಈ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಅಂಥವರು ಸರ್ಕಾರಿ ನೌಕರಿ ಮಾಡಿದವರಲ್ಲ ಎಂದಷ್ಟೇ ಹೇಳಬಲ್ಲೆ. ನಾನು ಮಾಡಿದ್ದೇನೆ. ಕಟ್ಟಡ ನಿರ್ವಹಣಾ ವಿಭಾಗದ ಉಪಮುಖ್ಯಸ್ಥ, ಹೆಸರು ಪ್ಯೊ.

ನಾಲ್ಕು ನಮ್ಮಲ್ಲಿ ಸಾವಿನ ಅಂಕಿ, ನಮ್ಮ ಭಾಷೆಯಲ್ಲಿ ಎರಡಕ್ಕೂ ಉಚ್ಚಾರ ಒಂದೇ. ಆಸ್ಪತ್ರೆಗಳಲ್ಲಿ ನಾಲ್ಕನೇ ಕೋಣೆ ಇರುವುದಿಲ್ಲ, ಎಷ್ಟೋ ಕಟ್ಟಡಗಳ ಲಿಫ್ಟಿನಲ್ಲಿ ನಾಲ್ಕರ ಜಾಗಕ್ಕೆ ಒಂದು ಇಂಗ್ಲಿಷ್ ಅಕ್ಷರ ಹಾಕಿ ಸಾವನ್ನು ಯಾಮಾರಿಸುತ್ತಾರೆ. ನಮ್ಮ ಆಗಿನ ಮೇಯರು ಅಷ್ಟಕ್ಕೆ ತೃಪ್ತರಾಗಲಿಲ್ಲ. ನಾಲ್ಕನ್ನು ಬುಡಸಮೇತ ತೆಗೆಸಿಬಿಟ್ಟರು. ಹಾಗಾಗಿ ನಮ್ಮ ಕಟ್ಟಡದಲ್ಲಿ ಮೂರರ ಮೇಲೆ ಐದು. ಮೂರನೇ ಮಹಡಿಯ ಸೂರು ಐದನೇ ಮಹಡಿಯ ನೆಲ. ಇದರಿಂದ ಇಷ್ಟು ವರ್ಷ ಯಾರಿಗೂ ಯಾವ ತೊಂದರೆಯೂ ಆಗಿರಲಿಲ್ಲ.

ಕಟ್ಟಡವನ್ನು ನೆಲದ ಮೇಲೆ ಕಟ್ಟುವ ಮೊದಲು ಕಂಪ್ಯೂಟರಿನೊಳಗೆ ಅದರ ಮಾದರಿ ಕಟ್ಟಿ ತೋರಿಸಬೇಕು ಎಂಬುದು ಕಾನೂನು. ಕಿಟಕಿಯಿಂದ ಬಿಸಿಲು ಎಷ್ಟು ಬರುತ್ತದೆ, ಏಸಿ ಎಷ್ಟು ಕರೆಂಟು ಕುಡಿಯುತ್ತದೆ, ಒಬ್ಬ ಗುಮಾಸ್ತ ಕೂತಲ್ಲಿಂದಲೇ ಎಷ್ಟು ಶಾಖ ಬಿಡುತ್ತಾನೆ, ಎಲ್ಲವನ್ನೂ ಲೆಕ್ಕ ಹಾಕಬೇಕು. ಈ ಕೆಲಸವನ್ನು ರಾಜಧಾನಿಯ ತಾಕ್ ಎಂಬ ಸಲಹೆಗಾರನಿಗೆ ಒಪ್ಪಿಸಿದ್ದೆವು. ಒಂದೇ ಥರದ ಮಹಡಿಗಳನ್ನು ಒಂದೊಂದಾಗಿ ಬಿಡಿಸುತ್ತ ಕೂರುವುದು ದಡ್ಡರ ಕೆಲಸ, ತಾಕ್ ದಡ್ಡನಲ್ಲ. ಬಾಗಿಲು ಇರುವ ಒಂದನೇ ಮಹಡಿಯನ್ನು ಬೇರೆ ಮಾಡಿದ, ಸಭಾಂಗಣವಿರುವ ಇಪ್ಪತ್ತನೆಯದನ್ನು ಬೇರೆ ಮಾಡಿದ. ನಡುವಿನವೆಲ್ಲ ಅಚ್ಚು ಒತ್ತಿದ ಹಾಗಿದ್ದುದರಿಂದ ಹತ್ತನೆಯದೊಂದನ್ನೇ ಆರಿಸಿಕೊಂಡು, ಅದಕ್ಕೆ ಕಿಟಕಿ, ದೀಪ, ತಣ್ಣನೆ ಗಾಳಿ ಹಾಯಿಸುವ ಒಂದು ಗಾಳಿಯಂತ್ರ, ನಲವತ್ತು ಜನ ನೌಕರರು, ಎರಡು ಶೌಚಾಲಯ ಎಲ್ಲವನ್ನೂ ಪ್ರೀತಿಯಿಂದ ಜೋಡಿಸಿದ. ಆಮೇಲೆ ಪಕ್ಕದಲ್ಲಿದ್ದ ಗುಣಕ ಎಂಬ ಚೌಕದಲ್ಲಿ ಹದಿನೆಂಟು ಎಂದು ಒತ್ತಿದ. ಎರಡರಿಂದ ಹತ್ತೊಂಬತ್ತರವರೆಗೆ ಬೆರಳು ಮಡಚಿ ಎಣಿಸಿದರೂ ಹದಿನೆಂಟೇ. ಅವನು ಮುನ್‌ಪೊಗೆ ಬಂದವನಲ್ಲ. ನಡುವೆ ಒಂದು ಮಹಡಿಯನ್ನು ನಾವು ಭಯಕ್ಕೆ ನುಂಗಿದ್ದೇವೆ ಎಂದು ಅವನಿಗೆ ಹೇಳಬೇಕೆಂದು ನಮಗೂ ತೋಚಲಿಲ್ಲ. ಅದು ಹೇಳುವ ವಿಷಯವೇ ಅಲ್ಲ.

ಮಂಜೂರಾದ ಮಾದರಿಯಂತೆ ಮಹಡಿಗೊಂದರ ಹಾಗೆ ಹದಿನೆಂಟು ಗಾಳಿಯಂತ್ರ ಬಂದವು. ಜೋಡಿಸಿ ಮುಗಿಸಿದಾಗ ಒಂದು ಉಳಿಯಿತು. ಅದನ್ನು ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದೇವೆ. ಋತುವಿಗೊಮ್ಮೆ ಅದರ ಫಿಲ್ಟರು ಬದಲಾಯಿಸುತ್ತೇವೆ. ಅಷ್ಟು ಶುಭ್ರವಾದ ಫಿಲ್ಟರು ನಮ್ಮಲ್ಲಿ ಇನ್ನೊಂದಿಲ್ಲ.

ವರ್ಷದ ಕೊನೆಯಲ್ಲಿ ಕಟ್ಟಡ ನಿಜವಾಗಿ ಬಳಸಿದ ವಿದ್ಯುತ್ತನ್ನು ಮಾದರಿ ಹೇಳಿದ ವಿದ್ಯುತ್ತಿನ ಎದುರು ಇಟ್ಟು ನೋಡುತ್ತಾರೆ. ನಾವು ಪ್ರತಿ ಸಲವೂ ಹೆಚ್ಚುಕಮ್ಮಿ ಒಂದು ಮಹಡಿಯಷ್ಟು ಕಡಿಮೆ ಬಳಸುತ್ತಿದ್ದೆವು. ಇದು ಯಾಕೆ ಎಂದು ಯಾರೂ ಕೇಳಲಿಲ್ಲ, ಒಳ್ಳೆಯದಾದಾಗ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಕಳೆದ ವರ್ಷ ಮಾತ್ರ ಮಹಡಿವಾರು ವರದಿ ಬೇಕೆಂದು ರಾಜಧಾನಿಯಿಂದ ಆದೇಶ ಬಂತು. ಹದಿನೆಂಟು ಸಾಲುಗಳಿದ್ದವು. ನಾಲ್ಕನೆಯದರ ಎದುರು ಬರೆಯಲು ಮೀಟರೇ ಇಲ್ಲ, ಖಾಲಿ ಬಿಟ್ಟರೆ ಕಂಪ್ಯೂಟರು ಒಪ್ಪುವುದಿಲ್ಲ. ನಾನು ಸೊನ್ನೆ ಹಾಕಿದೆ.

ಉಳಿದ ಮಹಡಿಗಳ ಬಣ್ಣ ಬಯಲಾಯಿತು. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಇಪ್ಪತ್ತೆಂಟು ಡಿಗ್ರಿಗಿಂತ ತಣ್ಣಗಿರಬಾರದು ಎಂದು ನಿಯಮವಿದ್ದರೂ, ಒಬ್ಬೊಬ್ಬರ ಮೇಜಿನ ಕೆಳಗೂ ಒಂದೊಂದು ಫ್ಯಾನು ತಿರುಗುತ್ತಿತ್ತು. ಎಲ್ಲರೂ ಮಾದರಿಗಿಂತ ಒಂದಿಷ್ಟು ಹೆಚ್ಚೇ ಬಳಸಿದ್ದರು. ಮಾನ ಉಳಿಸಿದ್ದು ನಾಲ್ಕನೇ ಮಹಡಿ ಒಂದೇ.

ಪ್ರಶಸ್ತಿಪತ್ರ ಬಂದ ದಿನ ನಮ್ಮ ವಿಭಾಗದ ಮುಖ್ಯಸ್ಥರಾದ ನಾಮ್‌ಗುಂಗ್ ಅವರು ನನ್ನನ್ನು ಕರೆದರು. ಕಾನೂನು ಪುಸ್ತಕವನ್ನು ದಿಂಬಿನ ಹತ್ತಿರ ಇಟ್ಟುಕೊಂಡು ಮಲಗುವ ಮನುಷ್ಯ.

"ಪ್ಯೊ, ಈ ನಾಲ್ಕನೇ ಮಹಡಿಯವರು ಯಾರ್ರೀ? ಭಲೇ ಜನ! ವರ್ಷವಿಡೀ ಸೊನ್ನೆ ಯೂನಿಟ್ಟು!"

"ಸರ್, ನಮ್ಮಲ್ಲಿ ನಾಲ್ಕನೇ ಮಹಡಿ ಇಲ್ಲ."

"ಇಲ್ದೇ ಇದ್ರೆ ಪ್ರಶಸ್ತಿ ಹೆಂಗ್ರೀ ಬರುತ್ತೆ?"

"ಮಾದರೀಲಿ ಇದೆ ಸರ್. ಕಟ್ಟಡದಲ್ಲಿ ಇಲ್ಲ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮಾದರಿಗೆ ಮಂಜೂರಾತಿ ಇದ್ಯೋ?"

"ಇದೆ."

"ಯಾರ್ದು?"

"ಸಚಿವಾಲಯದ್ದು."

"ಸಚಿವಾಲಯ ಇದೆ ಅಂದಿರೋ ಮಹಡೀನ ಇಲ್ಲ ಅನ್ನೋಕೆ ನೀನ್ಯಾರಪ್ಪಾ? ಸುತ್ತಿಗೆ ತಗೊಂಡು ನೀನೇ ಹೊಡೆದು ಬೀಳಿಸ್ತೀಯಾ?"

ನಾನು ಬೀಳಿಸುವುದಿಲ್ಲ ಎಂದೆ. ಆದರೂ ಮನಸ್ಸಿಗೆ ಸಮಾಧಾನವಿರಲಿ ಎಂದು ಅವರ ಎದುರೇ ತಾಕ್‌ಗೆ ಫೋನು ಹಚ್ಚಿದೆ. ವಿಷಯ ಕೇಳಿ ಅವನು ಸ್ವಲ್ಪವೂ ಗಲಿಬಿಲಿಯಾಗಲಿಲ್ಲ.

"ಮಾದರೀಲಿ ತಪ್ಪಿಲ್ಲ ಸರ್. ನಿಮ್ಮ ಕಟ್ಟಡದಲ್ಲಿ ಒಂದು ಮಹಡಿ ಕಮ್ಮಿ ಬಿದ್ದಿದೆ. ಅದು ಕಟ್ಟಿದವರ ಲೋಪ. ಗ್ಯಾರಂಟಿ ಇರೋವಾಗ್ಲೇ ನೋಡ್ಕೋಬೇಕಿತ್ತು."

"ಗುಣಕಾನ ಹದಿನೇಳು ಮಾಡೋಕಾಗಲ್ವಾ?"

"ಯಾಕಾಗಲ್ಲ? ಒಂದು ಗುಂಡಿ ಒತ್ತಿದ್ರೆ ಮುಗೀತು. ಆಮೇಲೆ ನಿಮ್ಮ ಪರವಾನಗಿ, ವಿದ್ಯುತ್ ಉಳಿತಾಯದ ಶ್ರೇಣಿ, ಪ್ರಶಸ್ತಿ ಎಲ್ಲಾ ಮೊದಲಿಂದ ಶುರು. ಅದಿರ್ಲಿ, ಆ ಮಹಡೀಲಿ ನಲವತ್ತು ಜನ ಕೂರಿಸಿದೀನಲ್ಲ, ಅವರನ್ನ ಎಲ್ಲಿಗೆ ಸಾಗಿಸಿದ್ರಿ ಅಂತ ಕೇಳಿದ್ರೆ ಏನ್ ಹೇಳ್ತೀರಿ?"

ನಲವತ್ತು ಜನರನ್ನು ಬೀದಿಪಾಲು ಮಾಡಲು ನಮ್ಮಿಬ್ಬರಿಗೂ ಮನಸ್ಸು ಬರಲಿಲ್ಲ. ನಾಮ್‌ಗುಂಗ್ ಅವರು ಫೋನು ಇಡಿಸಿ, ಒಂದು ಸುತ್ತೋಲೆ ತಯಾರಿಸಲು ಹೇಳಿದರು. ನಾನೇ ಬರೆದದ್ದು, ಇಲ್ಲಿ ಯಥಾವತ್ತಾಗಿ ಕೊಡುತ್ತಿದ್ದೇನೆ:

"ವಿಷಯ: ನಾಲ್ಕನೇ ಮಹಡಿಯ ಮಾದರಿ ನಡತೆಯನ್ನು ಅನುಸರಿಸುವ ಬಗ್ಗೆ. ಒಂದು: ಸದರಿ ಮಹಡಿಯ ಸಿಬ್ಬಂದಿಯು ಹಗಲಿನಲ್ಲಿ ಯಾವುದೇ ದೀಪ ಉರಿಸುವುದಿಲ್ಲ. ಎರಡು: ಮೇಜಿನ ಕೆಳಗೆ ಗುಟ್ಟಾಗಿ ಫ್ಯಾನು ಇಟ್ಟುಕೊಂಡ ಒಂದು ಪ್ರಕರಣವೂ ಅಲ್ಲಿಂದ ವರದಿಯಾಗಿಲ್ಲ. ಮೂರು: ಸೆಖೆ ಎಂದು ಸದರಿಯವರು ಇಂದಿನವರೆಗೆ ದೂರಿಲ್ಲ. ಐದು: ಇತರ ಮಹಡಿಗಳವರು ನಾಚಿಕೆಪಟ್ಟು, ತಾವೂ ಹಾಗೆಯೇ ಇರತಕ್ಕದ್ದು."

ಸುತ್ತೋಲೆಯಿಂದ ಆದ ಮೊದಲ ಪರಿಣಾಮವೆಂದರೆ ನಾಲ್ಕನೇ ಮಹಡಿಯವರ ಮೇಲೆ ಎಲ್ಲರಿಗೂ ಸಿಟ್ಟು ಬಂತು. ಸೋಯಾ ಹಾಲಿನ ತಣ್ಣನೆ ಶಾವಿಗೆ ಉಣ್ಣುತ್ತ ಕ್ಯಾಂಟೀನಿನಲ್ಲಿ ಜನ ಆಡಿಕೊಳ್ಳುವುದನ್ನು ನಾನೇ ಕೇಳಿದೆ. "ಅವರಿಗೆ ಜಂಭ ಕಣ್ರೀ. ಯಾವತ್ತಾದ್ರೂ ನಮ್ಮ ಜೊತೆ ಊಟಕ್ಕೆ ಬಂದಿದಾರಾ?" ಎಂದರು ತೆರಿಗೆ ವಿಭಾಗದವರೊಬ್ಬರು. ಪಕ್ಕದಲ್ಲಿದ್ದವರು, "ಮೇಲಿನವರಿಗೆ ಬೆಣ್ಣೆ ಹಚ್ಚೋರೇ ಹಂಗೆ. ಲಿಫ್ಟಲ್ಲಿ ಸಿಕ್ಕಿದ್ರೂ ಮುಖ ತಿರುಗಿಸ್ತಾರೆ" ಎಂದರು. ನಾನು ಶಾವಿಗೆ ತಿಂದೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆ ಮಹಡಿಯವರು ಯಾರ ಜೊತೆಗೂ ಊಟಕ್ಕೆ ಬಂದವರಲ್ಲ.

ಅಷ್ಟರಲ್ಲಿ ರಾಜಧಾನಿಯಿಂದ ಇನ್ನೊಂದು ಪತ್ರ ಬಂತು. ಪ್ರಶಸ್ತಿ ಪಡೆದ ಮಹಡಿಯನ್ನು ಕಣ್ಣಾರೆ ನೋಡಲು ಮೌಲ್ಯಮಾಪಕರಾದ ಬೊಂಗ್ ಮೇಡಂ ಬರುತ್ತಾರೆ. ಜನರಿಲ್ಲದ ಮಹಡಿಯಲ್ಲಿ ಆಗುವ ಉಳಿತಾಯ ಉಳಿತಾಯವಲ್ಲ, ಅದು ಖಾಲಿ ಬಿದ್ದಿರುವುದು. ಆದ್ದರಿಂದ ಕನಿಷ್ಠ ಒಬ್ಬ ಖಾಯಂ ನೌಕರರಾದರೂ ಅಲ್ಲಿ ಇರಬೇಕು, ಇಲ್ಲದಿದ್ದರೆ ಪ್ರಶಸ್ತಿ ವಾಪಸು.

ನೇಮಕಾತಿ ವಿಭಾಗಕ್ಕೆ ಹೋಗಿ ವಿಚಾರಿಸಿದೆವು. ನಾಲ್ಕನೇ ಮಹಡಿಯ ನಲವತ್ತು ಹುದ್ದೆ ಮಂಜೂರಾಗಿಯೇ ಇದ್ದವು, ತುಂಬಿದವರು ಯಾರೂ ಇರಲಿಲ್ಲ. ಹೊಸಬರನ್ನು ತೆಗೆದುಕೊಳ್ಳಲು ಪರೀಕ್ಷೆ ನಡೆಸಬೇಕು, ಅಷ್ಟು ವ್ಯವಧಾನವಿಲ್ಲ. ಒಳಗಿನ ಗುತ್ತಿಗೆ ನೌಕರರೊಬ್ಬರನ್ನು ಖಾಯಂ ಮಾಡಬಹುದು. ಹಾಗೆ ಯೊಮ್ ಮಿರಾನ್ ಅವರ ಹೆಸರು ಬಂತು.

ಮಿರಾನ್ ಐದನೇ ಮಹಡಿಯ ಕಿಟಕಿಯಲ್ಲಿ ಜನನ ಮರಣದ ಪ್ರಮಾಣಪತ್ರ ಕೊಡುವವರು. ವರ್ಷ ತುಂಬುವ ಮೊದಲೇ ಕೆಲಸದಿಂದ ತೆಗೆದು, ಕೆಲವು ದಿನ ಬಿಟ್ಟು ಮತ್ತೆ ಸೇರಿಸಿಕೊಳ್ಳುವ ಪದ್ಧತಿಯಲ್ಲಿ ಎಷ್ಟೋ ಸಲ ಹೊರಗೆ ಹೋಗಿ ಒಳಗೆ ಬಂದವರು. ಖಾಯಂ ಆದವರ ಐಡಿ ಕಾರ್ಡಿನ ಟ್ಯಾಗು ನೀಲಿ, ಅವರದು ಕಿತ್ತಳೆ. ಗಂಡ ಇಲ್ಲ. ಸೊಲ್ ಎಂಬ ಮಗಳು ಎರಡನೇ ತರಗತಿಯಲ್ಲಿದ್ದಾಳೆ. ಶಾಲೆ ಬಿಟ್ಟ ಮೇಲೆ ಅವಳನ್ನು ನೋಡಿಕೊಳ್ಳುವ ನಗರಸಭೆಯ ಕೇಂದ್ರ ನೀಲಿ ಟ್ಯಾಗಿನವರ ಮಕ್ಕಳಿಗೆ ಮಾತ್ರ. ಆದ್ದರಿಂದ ಸೊಲ್ ದಿನಾ ಸಂಜೆ ಐದನೇ ಮಹಡಿಯ ನೀರಿನ ಯಂತ್ರದ ಪಕ್ಕ ಕೂತು ಮನೆಪಾಠ ಬರೆಯುತ್ತಿದ್ದಳು. ಈ ಸಲದ ಗುತ್ತಿಗೆ ಮುಗಿದ ಮೇಲೆ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದು ಮಿರಾನ್‌ಗೆ ಆಗಲೇ ತಿಳಿಸಲಾಗಿತ್ತು. ತಿಳಿಸಿದವನು ನಾನೇ. ಅವರು ಸರಿ ಸರ್ ಎಂದಿದ್ದರು, ಆಮೇಲೆ ಕಿಟಕಿಯ ಪರದೆ ಎಳೆದುಕೊಂಡಿದ್ದರು.

ಮಿರಾನ್ ಅವರನ್ನು ಕರೆಸಿ, ನಾಮ್‌ಗುಂಗ್ ಅವರು ಎದ್ದು ನಿಂತು ವಿಷಯ ಹೇಳಿದರು. "ಯೊಮ್ ಅವರೇ, ನಿಮ್ಮನ್ನ ಖಾಯಂ ಮಾಡಿದೀವಿ."

ಮಿರಾನ್ ಕೂರಿ ಎನ್ನುವ ಮೊದಲೇ ಕೂತುಬಿಟ್ಟರು. "ಯಾವ ಮಹಡೀಲಿ ಸರ್?"

"ನಾಲ್ಕನೇದ್ರಲ್ಲಿ."

ಅವರು ನನ್ನ ಮುಖ ನೋಡಿದರು. ನಾನು ಗೋಡೆಯ ಗಡಿಯಾರ ನೋಡಿದೆ. ನಕ್ಕುಬಿಡುತ್ತಾರೋ ಬೈಯುತ್ತಾರೋ ಎಂದು ನನಗೆ ಹೆದರಿಕೆಯಿತ್ತು.

"ನೀಲಿ ಟ್ಯಾಗು ಕೊಡ್ತೀರಾ?"

"ಇವತ್ತೇ ಕೊಡ್ತೀವಿ."

"ನನ್ನ ಮಗಳಿಗೆ ಸಂಜೆ ಕೇಂದ್ರದಲ್ಲಿ ಜಾಗ?"

"ಖಾಯಂ ನೌಕರರ ಮಕ್ಕಳಿಗೆಲ್ಲಾ ಇದ್ದೇ ಇದೆ."

"ಹಂಗಾದ್ರೆ ನಾಲ್ಕನೇ ಮಹಡಿ ಇದೆ ಬಿಡಿ ಸರ್," ಎಂದರು ಮಿರಾನ್. ಎದ್ದು ಹೊರಟವರು ತಿರುಗಿ, "ಬಾತ್‌ರೂಮು?" ಎಂದು ಕೇಳಿದರು.

"ಮಾದರೀಲಿ ಎರಡಿದೆ. ಸದ್ಯಕ್ಕೆ ಮೂರನೇದಕ್ಕೆ ಹೋಗಿ. ಆದ್ರೆ ಅಲ್ಲಿ ಸ್ವಿಚ್ಚು ಮುಟ್ಟಬೇಡಿ, ನಿಮ್ಮದು ಸೊನ್ನೆ ಮಹಡಿ."

ಕೂರಿಸುವುದು ಎಲ್ಲಿ ಎಂಬುದೇ ತಲೆನೋವಾಯಿತು. ಮೊದಲು ಮೂರು ಮತ್ತು ಐದರ ನಡುವಿನ ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಹಾಕಿದೆವು. ಅಗ್ನಿಶಾಮಕದವರು ಬಂದು, ಮೆಟ್ಟಿಲ ಮೇಲೆ ಕುರ್ಚಿ ಇಡಕೂಡದು, ಖಾಯಂ ನೌಕರರನ್ನಂತೂ ಇಡಲೇಕೂಡದು ಎಂದು ಎತ್ತಿಸಿದರು. ಕೊನೆಗೆ ನನಗೇ ಹೊಳೆಯಿತು. ಲಿಫ್ಟಿನ ಕರೆಂಟು ಯಾವ ಮಹಡಿಯ ಲೆಕ್ಕಕ್ಕೂ ಬರುವುದಿಲ್ಲ, ಅದಕ್ಕೆ ಲಂಬ ಸಾರಿಗೆ ಎಂದು ಬೇರೆಯೇ ಮೀಟರಿದೆ. ಮೂರನೇ ನಂಬರಿನ ಲಿಫ್ಟನ್ನು ನಾಲ್ಕನೇ ಮಹಡಿಗೆಂದು ಮೀಸಲಿಟ್ಟೆವು. ರಿಪೇರಿಯವನು ಬಂದು, "ನಾಲ್ಕಾ? ಸರ್, ನಂಗೆ ಹೆಂಡ್ತಿ ಮಕ್ಕಳಿದಾರೆ" ಎಂದ. ಲಿಖಿತ ಆದೇಶ ತೋರಿಸಿದ ಮೇಲೆ ಮೂರರ ಮೇಲೆ ನಾಲ್ಕರ ಗುಂಡಿ ಕೂರಿಸಿ, ಕೈ ತೊಳೆದುಕೊಂಡು, ದುಡ್ಡು ಕೂಡ ಎಣಿಸದೆ ಹೊರಟುಹೋದ.

ಆ ಗುಂಡಿ ಒತ್ತಿದರೆ ಲಿಫ್ಟು ಎರಡು ಮಹಡಿಗಳ ನಡುವೆ ನಿಲ್ಲುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ, ಎದುರಿಗೆ ಕಾಂಕ್ರೀಟಿನ ಗೋಡೆ. ಮಿರಾನ್ ಆ ಗೋಡೆಗೆ ಒಂದು ಕ್ಯಾಲೆಂಡರು ನೇತುಹಾಕಿದರು. ಒಂದು ಸ್ಟೂಲು, ಬಾರ್ಲಿ ನೀರಿನ ಒಂದು ಬಾಟಲಿ. ಮಹಡಿ ಶುರುವಾಯಿತು. ಲಿಫ್ಟಿನೊಳಗಿನ ಏಸಿಗೆ ಇಪ್ಪತ್ತೆಂಟು ಡಿಗ್ರಿಯ ನಿಯಮ ಅನ್ವಯಿಸುವುದಿಲ್ಲವಾದ್ದರಿಂದ ಇಡೀ ಕಟ್ಟಡದಲ್ಲಿ ತಣ್ಣಗಿದ್ದ ಜಾಗ ಅದೊಂದೇ ಆಯಿತು. ಎಲ್ಲ ವಿಭಾಗದವರಿಗೂ ಇದ್ದಕ್ಕಿದ್ದಂತೆ ನಾಲ್ಕನೇ ಮಹಡಿಯಲ್ಲಿ ಕೆಲಸ ಬಿತ್ತು. ಫೈಲು ಹಿಡಿದು ಸಾಲು ನಿಲ್ಲುತ್ತಿದ್ದರು. ನಾನೂ ದಿನಕ್ಕೊಮ್ಮೆ ತಪಾಸಣೆಗೆ ಹೋಗಿ ಬೆವರು ಆರಿಸಿಕೊಂಡು ಬರುತ್ತಿದ್ದೆ.

ಬೊಂಗ್ ಮೇಡಂ ಬಂದದ್ದು ಸುಡು ಬಿಸಿಲಿನ ದಿನ. ಹೊರಗೆ ಜೀರುಂಡೆಗಳು ಕಿವಿ ಕಿತ್ತುಹೋಗುವಂತೆ ಕಿರುಚುತ್ತಿದ್ದವು. ಮೇಡಂ ಕೈಯಲ್ಲಿ ಥರ್ಮಾಮೀಟರು ಹಿಡಿದು ಲಿಫ್ಟು ಹತ್ತಿದರು. ಬಾಗಿಲು ತೆರೆಯಿತು. ಅವರು ಕಾಂಕ್ರೀಟು ಗೋಡೆಯನ್ನು ಬಹಳ ಹೊತ್ತು ನೋಡಿದರು. ನಾಮ್‌ಗುಂಗ್ ಅವರೂ ನಾನೂ ಅವರ ಬೆನ್ನ ಹಿಂದೆ ನಿಂತಿದ್ದೆವು.

"ಕಿಟಕಿ?" ಎಂದು ಕೇಳಿದರು ಮೇಡಂ.

"ಇಲ್ಲ ಮೇಡಂ," ಎಂದರು ಮಿರಾನ್.

"ಒಂದೂ ಇಲ್ವಾ?"

"ಒಂದೂ ಇಲ್ಲ."

"ಬಿಸಿಲು?"

"ಬರೋಕೆ ದಾರಿನೇ ಇಲ್ಲ ಮೇಡಂ."

ಮೇಡಂ ಗೋಡೆಯನ್ನು ಬೆರಳಿನಿಂದ ತಟ್ಟಿದರು. "ಈ ಗೋಡೆ ಎಷ್ಟು ದಪ್ಪ?"

"ಆ ಕಡೆ ಹೋಗಿ ಯಾರೂ ಇನ್ನೂ ನೋಡಿಲ್ಲ," ಎಂದು ನಾನು ಇದ್ದದ್ದನ್ನೇ ಹೇಳಿದೆ.

ಮೇಡಂ ಕರ್ಚೀಫು ತೆಗೆದು ಕಣ್ಣು ಒತ್ತಿಕೊಂಡರು. "ನನ್ನ ಸರ್ವೀಸೆಲ್ಲಾ ಹೇಳ್ತಾನೇ ಬಂದೆ, ಕಿಟಕಿ ಇಡಬೇಡಿ, ಜನಾನ ತುಂಬಬೇಡಿ ಅಂತ. ಒಬ್ರೂ ಕೇಳಲಿಲ್ಲ. ಬೆಳಕು ಬೇಕಂತೆ, ಗಾಳಿ ಬೇಕಂತೆ! ಒಳ್ಳೇ ಕಟ್ಟಡಗಳೆಲ್ಲಾ ಹಾಳಾಗಿದ್ದೇ ಈ ಜನರಿಂದ." ಆಮೇಲೆ ನಮ್ಮ ಕಡೆ ತಿರುಗಿ ಗದರಿದರು. "ಇಂಥಾ ಮಹಡಿ ಇಟ್ಕೊಂಡು ಆ ದರಿದ್ರ ಹತ್ತನೇ ಮಹಡೀನ ಯಾಕ್ರೀ ಮಾದರಿ ಮಾಡಿದ್ರಿ? ಪ್ರಾತಿನಿಧಿಕ ಮಹಡಿ ಅಂದ್ರೆ ಹೀಗಿರಬೇಕು. ಇದನ್ನೇ ಹದಿನೆಂಟು ಸಲ ಗುಣಿಸಿ."

ತಾಕ್ ಅಂದೇ ಗುಣಿಸಿದ. ಹೊಸ ಮಾದರಿಯ ಪ್ರಕಾರ ಎರಡರಿಂದ ಹತ್ತೊಂಬತ್ತರವರೆಗಿನ ಪ್ರತಿ ಮಹಡಿಯೂ ನಾಲ್ಕನೇ ಮಹಡಿ. ಕಿಟಕಿ ಇಲ್ಲ, ದೀಪವಿಲ್ಲ, ಗಾಳಿಯಂತ್ರ ಓಡುವುದಿಲ್ಲ, ಮಹಡಿಗೆ ಒಬ್ಬರಂತೆ ನೌಕರರು. ವಿದ್ಯುತ್ತು ಸೊನ್ನೆ ಇಂಟು ಹದಿನೆಂಟು. ನಮಗೆ ಕೊಡಲು ಯೋಗ್ಯವಾದ ಶ್ರೇಣಿಯೇ ಇಲ್ಲದ ಕಾರಣ ಒಂದನೇ ಶ್ರೇಣಿಯ ಮೇಲೆ ಪರಮ ಶ್ರೇಣಿ ಎಂದು ಹೊಸದನ್ನು ಸೃಷ್ಟಿಸಿದರು.

ಕಟ್ಟಡ ಮಾದರಿಗೆ ತಕ್ಕಂತೆ ಇರಬೇಕು ಎಂಬುದು ಕಾನೂನು, ಆದ್ದರಿಂದ ವಿದ್ಯುತ್ ಇಲಾಖೆಯವರು ಬಂದು, ಬೇರೆ ಮೀಟರಿದ್ದ ಲಿಫ್ಟನ್ನು ಬಿಟ್ಟು, ಅಷ್ಟೂ ಮಹಡಿಗಳ ತಂತಿ ಬಿಚ್ಚಿಕೊಂಡು ಹೋದರು. ಹೊಸ ಮಾದರಿಯಲ್ಲಿ ಇದ್ದ ನೌಕರರು ಮಿರಾನ್ ಒಬ್ಬರೇ, ಹದಿನೆಂಟು ಸಲ. ಉಳಿದ ನಾವೆಲ್ಲ ಮಾದರಿಯ ಹೊರಗಿನವರು. ಹೊರಗಿನವರು ಒಳಗೆ ಕೂತು ಮೈಯ ಶಾಖ ಬಿಟ್ಟರೆ ಅದು ಅಕ್ರಮ ಪ್ರವೇಶವಾಗುತ್ತದೆ ಎಂದು ನಾಮ್‌ಗುಂಗ್ ಅವರು ಪುಸ್ತಕ ತೆರೆದು ತೋರಿಸಿದರು. ಮೇಜು ಕುರ್ಚಿ ಹೊತ್ತುಕೊಂಡು ಎದುರಿನ ಅಂಗಳಕ್ಕೆ ಬಂದು ಗಿಂಕೊ ಮರಗಳ ಕೆಳಗೆ ಕಚೇರಿ ಹೂಡಿದೆವು. ಜನರಿಗೆ ಖುಷಿಯೋ ಖುಷಿ. ಲಿಫ್ಟಿಗೆ ಕಾಯಬೇಕಿಲ್ಲ, ತೆರಿಗೆಯವರು ಒಂದು ಮರದ ಕೆಳಗೆ, ಮದುವೆ ನೋಂದಣಿಯವರು ಪಕ್ಕದ ಮರದ ಕೆಳಗೆ. ಗಿಂಕೊ ಹಣ್ಣು ಉದುರಿ ನಾರತೊಡಗಿದಾಗ ಒಂದಷ್ಟು ದೂರು ಬಂದವು, ಜನಕ್ಕೆ ಅದೂ ರೂಢಿಯಾಯಿತು. ಚಳಿಗಾಲದ ಬಗ್ಗೆ ಒಂದು ಸಮಿತಿ ರಚಿಸಲಾಗಿದೆ.

ಮಿರಾನ್ ನೀಲಿ ಟ್ಯಾಗು ಹಾಕಿಕೊಂಡು ದಿನಾ ಬೆಳಿಗ್ಗೆ ನಮ್ಮ ಮೇಜುಗಳ ನಡುವೆ ನಡೆದು, ಖಾಲಿ ಕಟ್ಟಡದ ಒಳಗೆ ಹೋಗಿ, ಹಾಜರಿ ಪುಸ್ತಕದಲ್ಲಿ ಹದಿನೆಂಟು ಕಡೆ ಸಹಿ ಹಾಕಿ ಲಿಫ್ಟಿನಲ್ಲಿ ಕೂರುತ್ತಿದ್ದರು. ಮಗಳು ಸಂಜೆ ಕೇಂದ್ರಕ್ಕೆ ಹೋಗತೊಡಗಿದ್ದಳು. "ಹೆಂಗಿದೆ ಕೆಲಸ?" ಎಂದು ಕೇಳಿದರೆ, "ತಣ್ಣಗಿದೆ ಸರ್" ಎನ್ನುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಎಲ್ಲ ಸರಿಹೋಯಿತು ಎಂದೇ ನಾವು ತಿಳಿದಿದ್ದೆವು.

ಶರತ್ಕಾಲ ಬಂತು. ಒಂದು ಮಧ್ಯಾಹ್ನ ಮಿರಾನ್ ಹೊರಗೆ ಬಂದು, ಅತಿ ದೊಡ್ಡ ಮರದ ಕೆಳಗೆ ಕೂತಿದ್ದ ನಾಮ್‌ಗುಂಗ್ ಅವರ ಎದುರು ನಿಂತರು.

"ಸರ್, ಒಂದು ದಿನ ರಜೆ ಬೇಕಿತ್ತು. ಮಗಳ ಶಾಲೇಲಿ ಆಟದ ದಿನ. ಅಮ್ಮಂದಿರ ಓಟ ಇದೆಯಂತೆ. ಹೋದ ಸಲಾನೂ ಗುತ್ತಿಗೆ ಅಂತ ಹೋಗೋಕಾಗಲಿಲ್ಲ, ಅವಳು ಒಬ್ಳೇ ಕೂತಿದ್ಲು."

ನಾಮ್‌ಗುಂಗ್ ಅವರು ಕೆಟ್ಟವರಲ್ಲ. ಅವರ ಮುಖ ಸಣ್ಣಗಾಯಿತು. "ಯೊಮ್ ಅವರೇ, ನಿಮಗೆ ರಜೆ ಅಂದ್ರೆ ಹದಿನೆಂಟು ಮಹಡಿಗೂ ರಜೆ. ಜನರಿಲ್ದಿರೋದು ಖಾಲಿ ಕಟ್ಟಡ. ಖಾಲಿ ಕಟ್ಟಡಕ್ಕೆ ಶ್ರೇಣಿ ಇಲ್ಲ. ಶ್ರೇಣಿ ಹೋದ್ರೆ ಮಾದರಿ ಹೋಗುತ್ತೆ, ಮಾದರಿ ಹೋದ್ರೆ ನಾಲ್ಕನೇ ಮಹಡಿ, ಅದ್ರ ಜೊತೆ ನಿಮ್ಮ ಹುದ್ದೆ."

"ಒಂದೇ ದಿನ ಸರ್."

"ಒಂದು ಇಂಟು ಹದಿನೆಂಟು."

ಮಿರಾನ್ ಸ್ವಲ್ಪ ಯೋಚಿಸಿದರು. "ನಾನು ಹದಿನೆಂಟು ಜನ ಅಲ್ವಾ ಸರ್? ಅದ್ರಲ್ಲಿ ಒಬ್ಳು ಹೋಗಿ ಬಂದ್ರೆ ಉಳಿದ ಹದಿನೇಳು ಜನ ಇರ್ತಾರಲ್ಲ?"

ವಾದ ಗಟ್ಟಿಯಾಗಿದೆ ಎಂದು ನಮಗನ್ನಿಸಿತು. ತಕ್ಷಣ ತಾಕ್‌ಗೆ ಫೋನು ಮಾಡಿದೆ. ಅವನು ಬೇಸರದಿಂದಲೇ ಹೇಳಿದ: "ಗುಣಕದ ಒಳಗೆ ಒಂದೊಂದನ್ನ ಬಿಡಿಸಿ ತೆಗೆಯೋಕೆ ಬರಲ್ಲ ಸರ್. ಒಂದು ಹೇಗೋ ಎಲ್ಲಾ ಹಾಗೆ. ಒಬ್ರು ಎದ್ದು ಹೋದ್ರೆ ಹದಿನೆಂಟು ಜನಾನೂ ಎದ್ದು ಹೋದಂಗೆ."

ಆಗ ಮಿರಾನ್ ಅವರ ಕಣ್ಣು ತುಂಬಿತು. ಗುತ್ತಿಗೆ ಮುಗಿಯಿತು ಎಂದಾಗಲೂ ಅವರು ನಮ್ಮೆದುರು ಅತ್ತಿರಲಿಲ್ಲ. ಈ ಹೆಣ್ಣುಮಗಳಿಗೆ ಏನಾದರೂ ಮಾಡಲೇಬೇಕು ಎನ್ನಿಸಿತು, ಮಾಡುವುದಾದರೆ ನಿಯಮದೊಳಗೇ ಮಾಡಬೇಕು. ಅವರು ಮಾದರಿಯ ಒಳಗಿನವರು, ಕದಲುವಂತಿಲ್ಲ. ನಾನು ಹೊರಗಿನವನು, ನನ್ನನ್ನು ಎಲ್ಲಿಗೆ ಬೇಕಾದರೂ ಯಾವ ಕೆಲಸಕ್ಕೆ ಬೇಕಾದರೂ ಹಾಕಬಹುದು. ನಾನು ಹೀಗೆಂದಾಗ ನಾಮ್‌ಗುಂಗ್ ಅವರು ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಆದೇಶ ಅಲ್ಲಿಯೇ ತಯಾರಾಯಿತು: "ಕಟ್ಟಡ ನಿರ್ವಹಣಾ ವಿಭಾಗದ ಉಪಮುಖ್ಯಸ್ಥರಾದ ಪ್ಯೊ ಅವರನ್ನು ಆಟದ ದಿನದ ಮಟ್ಟಿಗೆ ವಿದ್ಯಾರ್ಥಿನಿ ಸೊಲ್ ಇವರ ತಾಯಿಯಾಗಿ ನಿಯೋಜಿಸಲಾಗಿದೆ. ಸದರಿಯವರು ತಾಯಿಯ ಎಲ್ಲ ಕರ್ತವ್ಯಗಳನ್ನು ನಿರ್ವಹಿಸತಕ್ಕದ್ದು." ಕೆಂಪು ಮುದ್ರೆ ಒತ್ತಿದರು.

ಮಿರಾನ್ ಆದೇಶವನ್ನು ಎರಡು ಸಲ ಓದಿದರು. ಮೂಗು ಒರೆಸಿಕೊಂಡು, "ಡಬ್ಬಿಗೆ ಅನ್ನ ಸುತ್ತಿ ಗಿಂಬಾಪ್ ನಾನೇ ಮಾಡಿ ಕೊಡ್ತೀನಿ ಸರ್. ಅವಳಿಗೆ ಸೌತೆಕಾಯಿ ಆಗಲ್ಲ, ಬೇರೆಯವರು ಕೊಟ್ರೆ ತಿನ್ನಬೇಡ ಅನ್ನಿ," ಎಂದು ಹೇಳಿ ಲಿಫ್ಟಿಗೆ ವಾಪಸು ಹೋದರು.

ಆಟದ ದಿನ ನಾನು ಡಬ್ಬಿ ಹಿಡಿದು ಶಾಲೆಗೆ ಹೋದೆ. ಮೈದಾನದ ಸುತ್ತ ಚಾಪೆ ಹಾಸಿಕೊಂಡು ತಾಯಂದಿರು ಕೂತಿದ್ದರು. ತರಗತಿಯ ಟೀಚರು ಆದೇಶ ಓದಿದರು, ಮುದ್ರೆಯನ್ನು ಬಿಸಿಲಿಗೆ ಹಿಡಿದು ನೋಡಿದರು, ತಲೆಯಾಡಿಸಿ ನನ್ನ ಬೆನ್ನಿಗೆ ಸೊಲ್ ಅಮ್ಮ ಎಂದು ಬರೆದ ಬಟ್ಟೆ ಕಟ್ಟಿದರು. ಪಕ್ಕದ ಚಾಪೆಯವರು ಜರುಗಿ ಜಾಗ ಕೊಟ್ಟರು. "ಬನ್ನಿ ಸೊಲ್ ಅಮ್ಮ, ಕೂತ್ಕೊಳ್ಳಿ. ಕಾಫಿ ಕುಡೀತೀರಾ? ನಿಮ್ಮನ್ನ ನೋಡೇ ಇರಲಿಲ್ವಲ್ಲ, ಕೆಲಸ ಜಾಸ್ತಿನಾ?" ಎಂದರು ಒಬ್ಬರು. ಹೌದು, ಬಿಡುವೇ ಸಿಗುವುದಿಲ್ಲ ಎಂದೆ. ಗಣಿತದ ಟ್ಯೂಷನ್ನು ಎಲ್ಲಿಗೆ ಹಾಕಿದ್ದೀರಿ ಎಂದು ಇನ್ನೊಬ್ಬರು ಕೇಳಿದರು. ಇನ್ನೂ ಯೋಚಿಸುತ್ತಿದ್ದೇವೆ ಎಂದೆ.

ಸೊಲ್ ಓಡಿಬಂದು ನನ್ನೆದುರು ನಿಂತಳು. ತೆಳ್ಳಗಿನ ಹುಡುಗಿ, ಮುಂದಿನ ಒಂದು ಹಲ್ಲು ಬಿದ್ದಿತ್ತು. ನನ್ನನ್ನು ಬೂಟಿನಿಂದ ತಲೆಯವರೆಗೆ ನೋಡಿದಳು.

"ಇವತ್ತು ನೀವಾ ನಮ್ಮಮ್ಮ?"

"ಹೂಂ ಮರಿ. ಇವತ್ತಿನ ಮಟ್ಟಿಗೆ."

"ಅಮ್ಮ ಈಗ ಹದಿನೆಂಟು ಜನ ಆಗಿದಾಳಂತೆ. ಅವಳೇ ಹೇಳಿದ್ಲು." ಅವಳು ನನ್ನ ಹಿಂದೆ, ಗೇಟಿನ ಕಡೆಗೊಮ್ಮೆ ಇಣುಕಿದಳು. "ಅಷ್ಟು ಜನದಲ್ಲಿ ಒಬ್ಳೂ ಬರಲಿಲ್ವಾ?"

"ಎಲ್ರಿಗೂ ಡ್ಯೂಟಿ ಇದೆ ಪುಟ್ಟಿ," ಎಂದೆ.

ಅವಳು ಸರಿ ಎಂದು ತಲೆಯಾಡಿಸಿದಳು. ಬಗ್ಗಿ ನನ್ನ ಬೂಟಿನ ದಾರವನ್ನು ತಾನೇ ಬಿಗಿದಳು. "ಜೋರಾಗಿ ಓಡು. ಬೀಳಬೇಡ ಆಯ್ತಾ?" ಎಂದಳು.

ಅಮ್ಮಂದಿರನ್ನೆಲ್ಲ ಗೆರೆಯ ಮೇಲೆ ನಿಲ್ಲಿಸಿದರು. ಸೀಟಿ ಊದಿದರು. ಕಚೇರಿಯ ಪ್ಯಾಂಟು, ಕತ್ತಿನಲ್ಲಿ ಟೈ, ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ನಾನೂ ಓಡಿದೆ. ಎಲ್ಲ ಮಕ್ಕಳ ಕೂಗಿನ ನಡುವೆ ಅವಳದು ಬೇರೆಯಾಗಿ ಕೇಳಿಸುತ್ತಿತ್ತು. "ಅಮ್ಮಾ! ಅಮ್ಮಾ! ಓಡು!" ಮೈದಾನದಲ್ಲಿ ಯಾರೂ ನಗಲಿಲ್ಲ.